ಎರಡನೇ ಮಗ್ಗುಲಿನ ಕೆಮ್ಮು

ನಮ್ಮೂರಲ್ಲಿ ಒಂದು ಬಟ್ಟೆ ಗಿರಣಿಯಿತ್ತು. ಗಿರಣಿಗೆ ಒಬ್ಬ ಮಾಲೀಕರಿದ್ದರು. ಮಾಲೀಕರು ಕಟ್ಟಿಸಿದ ಒಂದು ಸಭಾಭವನವಿತ್ತು. ಈ ಮೂರರ ನಡುವೆ ಮಿಕ್ಕ ಜಾಗಕ್ಕೆ ಊರು ಅನ್ನುತ್ತಿದ್ದರು.

ಆ ಮಿಕ್ಕ ಜಾಗದಲ್ಲಿ ಹುಟ್ಟಿದವನು ಪೀಪಿ. ಹೆತ್ತವರು ಇಟ್ಟ ಹೆಸರು ಬೇರೆ. ಚಿಕ್ಕವನಿದ್ದಾಗ ಎಲ್ಲಿಂದಲೋ ಒಂದು ಹಳೇ ಕ್ಲಾರಿನೆಟ್ ಸಂಪಾದಿಸಿಕೊಂಡು, ಹೊತ್ತುಗೊತ್ತು ನೋಡದೆ ಊದಿ ಊದಿ, ಪಕ್ಕದ ಮನೆಯವರಿಗೆ ನೆಮ್ಮದಿಯಾಗಿ ಜಗಳವಾಡುವುದಕ್ಕೂ ಬಿಡದೆ ಇದ್ದದ್ದರಿಂದ ಬೀದಿಯವರೆಲ್ಲ ಸೇರಿ ಈ ಹೆಸರಿಟ್ಟರು. ನಮ್ಮ ಬೀದಿ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದದ್ದು ಅದೇ ಮೊದಲು. ಬೆಳೆದ ಮೇಲೆ ಅವನು ದೊಡ್ಡ ಪಟ್ಟಣಕ್ಕೆ ಹೋದ, ಅಲ್ಲೊಂದು ವಾದ್ಯವೃಂದದ ಹಿಂದಿನ ಸಾಲಿನಲ್ಲಿ ಕೂತು ಕೂದಲು ಬೆಳ್ಳಗಾಗುವ ತನಕ ಊದಿದ, ಆಮೇಲೆ ಹೆಂಡತಿಯನ್ನೂ ಪೆಟ್ಟಿಗೆಗಟ್ಟಲೆ ಗ್ರಾಮಫೋನ್ ರೆಕಾರ್ಡುಗಳನ್ನೂ ಕರೆದುಕೊಂಡು ವಾಪಸು ಬಂದ. "ಹುಟ್ಟಿದೂರು ಕರೀತಾ ಇತ್ತು" ಅಂತ ಕಂಡಕಂಡವರಿಗೆ ಹೇಳಿದ. ನಾವು ಒಬ್ಬರನ್ನೊಬ್ಬರು ಕೇಳಿ ನೋಡಿದೆವು. ಯಾರೂ ಕರೆದಿರಲಿಲ್ಲ.

ಪುರಸಭೆಯ ಮಳಿಗೆ ಸಾಲಿನಲ್ಲಿ, ತಕ್ಕಡಿ ರಿಪೇರಿಯವನಿಗೂ ಸೈಕಲ್ ಅಂಗಡಿಗೂ ನಡುವೆ, ಪೀಪಿಯ ರೆಕಾರ್ಡ್ ಅಂಗಡಿ ಶುರುವಾಯಿತು. ಬೋರ್ಡು ಅಂಗಡಿಗಿಂತ ಅಗಲವಾಗಿತ್ತು. ಒಂದು ಕೊನೆ ತಕ್ಕಡಿಯವನ ಬಾಗಿಲ ಮೇಲೆ ಚಾಚಿಕೊಂಡು, ತಕ್ಕಡಿ ಸರಿಮಾಡಿಸಲು ಬಂದವರು ಸಂಗೀತದ ಅಂಗಡಿಗೆ ನುಗ್ಗುವಂತಾಗಿತ್ತು. ಒಳಗೆ ಒಂದು ಬೆಂಚು, ಗೋಡೆ ತುಂಬ ರಟ್ಟಿನ ಲಕೋಟೆಗಳು, ಮೂಲೆಯಲ್ಲಿ ಅವನ ಹೆಂಡತಿಯ ಹೊಲಿಗೆ ಯಂತ್ರ. ಮನೆ ನಡೆಯುತ್ತಿದ್ದದ್ದು ಆ ಮೂಲೆಯಿಂದ. ರೆಕಾರ್ಡು ಕೊಳ್ಳಲು ಯಾರೂ ಬರುತ್ತಿರಲಿಲ್ಲ. ಬಂದವರನ್ನೂ ಪೀಪಿ ಸುಮ್ಮನೆ ಕಳಿಸುತ್ತಿರಲಿಲ್ಲ. ಗುಂಡಿ ಹಾಕಿಸಿಕೊಳ್ಳಲು ಬಂದವರು ಬೆಂಚಿನ ಮೇಲೆ ಕೂತು ರೆಕಾರ್ಡಿನ ಒಂದು ಮಗ್ಗುಲು ಪೂರ್ತಿ ಕೇಳಿಯೇ ಅಂಗಿ ಇಸಕೊಳ್ಳಬೇಕಿತ್ತು.

ಅವನು ರೆಕಾರ್ಡು ಒರೆಸುವುದನ್ನು ನೋಡಬೇಕು. ಮೆತ್ತನೆಯ ಫ್ಲಾನಲ್ ಬಟ್ಟೆ, ತಟ್ಟೆಯ ಗೆರೆ ಹೋದ ಕಡೆಗೇ ಕೈ, ಅಂಚನ್ನು ಮಾತ್ರ ಮುಟ್ಟುವ ಬೆರಳು. "ಕೂಸಿಗೂ ಇಷ್ಟು ನಾಜೂಕಾಗಿ ಸ್ನಾನ ಮಾಡಿಸಿದವರಲ್ಲ" ಅಂತ ಹೆಂಡತಿ ಯಂತ್ರ ತುಳಿಯುತ್ತಲೇ ಹೇಳುವಳು. ಅವನಿಗೆ ಅದು ಹೊಗಳಿಕೆ.

ಎಲ್ಲದಕ್ಕಿಂತ ಮೇಲೆ, ಗಾಜಿನ ಬಾಗಿಲ ಹಿಂದೆ, ಒಂದು ರೆಕಾರ್ಡಿತ್ತು. ಅವನ ವಾದ್ಯವೃಂದ ಒಂದೇ ಒಂದು ಸಲ ನಮ್ಮೂರಿಗೆ ಬಂದು ಗಿರಣಿಯ ಸಭಾಭವನದಲ್ಲಿ ಕಚೇರಿ ಕೊಟ್ಟಾಗ ಅಲ್ಲೇ ಧ್ವನಿ ಹಿಡಿದದ್ದು. ರೆಕಾರ್ಡು ಮಾಡಿದ ಕಂಪನಿ ಯಾವ ಕಾಲಕ್ಕೋ ಮುಚ್ಚಿತ್ತು, ಬೇರೆ ಪ್ರತಿ ಎಲ್ಲೂ ಇರಲಿಲ್ಲ. ಎರಡನೇ ಮಗ್ಗುಲಿನಲ್ಲಿ ಎಲ್ಲ ವಾದ್ಯಗಳೂ ನಿಂತು ಒಂಟಿ ಕ್ಲಾರಿನೆಟ್ ಏಳುವ ಜಾಗವಿದೆ. ಅದು ಪೀಪಿ. ಲಕೋಟೆಯ ಹಿಂಬದಿಯಲ್ಲಿ ನಿರ್ದೇಶಕರ ಹೆಸರು, ಗಾಯಕರ ಹೆಸರು, ಪಿಟೀಲಿನವರ ಹೆಸರು, ಕಡೆಗೆ "ಮತ್ತಿತರರು". ಅದೂ ಪೀಪಿಯೇ. ಆ ಪದದ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದ.

ಹೀಗಿರುವಾಗ ಪುರಸಭೆಯಲ್ಲಿ ಗುಮಾಸ್ತನಾಗಿದ್ದ ಅವನ ಭಾವಮೈದ ಒಂದು ದಿನ ಬೆವರು ಒರೆಸಿಕೊಳ್ಳುತ್ತ ಬಂದ.

"ಅಕ್ಕಾ, ಈ ಮಳಿಗೆ ಸಾಲು ಕೆಡವ್ತಾರೆ. ದೊಡ್ಡ ವಾಣಿಜ್ಯ ಕಟ್ಟಡ ಬರುತ್ತೆ. ಎಲ್ಲರೂ ಜಾಗ ಖಾಲಿ ಮಾಡಬೇಕು."

ಹೊಲಿಗೆ ಯಂತ್ರ ನಿಂತಿತು. "ಎಲ್ಲರೂನಾ?"

"ಊರಿನ ಹೆಮ್ಮೆಗೆ ಸಂಬಂಧಪಟ್ಟ ಅಂಗಡಿ ಏನಾದರೂ ಇದ್ದರೆ ಅದನ್ನ ಉಳಿಸ್ಕೊಂಡು, ಅದರ ಸುತ್ತ ಕಟ್ಟಡ ಕಟ್ತಾರಂತೆ. ಹಾಗಂತ ಠರಾವಾಗಿದೆ."

ಪೀಪಿ ನಿರಾಳವಾಗಿ ನಕ್ಕ. "ಮತ್ತೆ ಯಾಕಪ್ಪ ಹೆದರಿಸ್ತೀಯ? ನಾನಿದೀನಲ್ಲ."

"ಭಾವ, ಉಸಿರಾಡ್ತಾ ಇರೋರನ್ನ ಹೆಮ್ಮೆ ಅಂತ ಪುರಸಭೆ ಒಪ್ಪಿದ ನಿದರ್ಶನ ಇಲ್ಲ. ನೀವು ಆ ರೆಕಾರ್ಡು ತೋರಿಸಿ. ನಮ್ಮೂರಲ್ಲೇ ಹಿಡಿದ ಧ್ವನಿ ಅಂತ ಹೇಳಿ. ನಾಳೆ ಮುಖ್ಯಾಧಿಕಾರಿಗಳನ್ನ ಕರ್ಕೊಂಡು ಬರ್ತೀನಿ. ಅವರು ಬಂದಾಗ ದಯವಿಟ್ಟು ಮಾತಾಡಬೇಡಿ."

ಅಂಗಡಿ ಹೋದರೆ ಪೀಪಿಗೆ ಬೇರೆ ನೆಲೆಯಿರಲಿಲ್ಲ. ಊದಲು ಹಲ್ಲಿನ ಬಲವಿಲ್ಲ, ಬೇರೆ ಕಸುಬು ಗೊತ್ತಿಲ್ಲ, ಆ ಪೆಟ್ಟಿಗೆಗಳನ್ನು ಅವನು ಬಾಡಿಗೆಗಿದ್ದ ಒಂಟಿ ಕೋಣೆಯಲ್ಲಿಟ್ಟರೆ ಗಂಡ ಹೆಂಡತಿ ಬೀದಿಯಲ್ಲಿ ಮಲಗಬೇಕು. ಆ ರಾತ್ರಿ ಅವನು ಫ್ಲಾನಲ್ ಬಟ್ಟೆಯನ್ನೇ ಎರಡು ಸಲ ಒಗೆದ.

ಮುಖ್ಯಾಧಿಕಾರಿ ಬಂದು ಬೆಂಚಿನ ಮೇಲೆ ಕೂತರು. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಬಾಬಿನಜ್ಜಿ ಕೂತಿದ್ದಳು. ಗಿರಣಿಯಲ್ಲಿ ಬಾಬಿನ್ನಿಗೆ ನೂಲು ಸುತ್ತುತ್ತಿದ್ದವಳು, ಗಂಡ ತೀರಿಕೊಂಡು ಬಹಳ ವರ್ಷ. ಮಂಡಿನೋವಿಗೆ ಪೇಟೆಯ ಅರ್ಧದಾರಿಯಲ್ಲಿ ಒಂದು ಬೆಂಚು ಬೇಕಿತ್ತು, ಅದು ಇಲ್ಲಿ ಸಿಕ್ಕಿತ್ತು. ಸಂಗೀತ ಅವಳ ಪಾಲಿಗೆ ಬೆಂಚಿನ ಜೊತೆ ಬರುವ ಸಪ್ಪಳ. ಆವರೆಗೂ ಗಾಜಿನ ಬಾಗಿಲ ಹಿಂದಿನ ರೆಕಾರ್ಡನ್ನು ಪೀಪಿ ಅವಳಿಗೆ ಹಾಕಿರಲಿಲ್ಲ. ತಿಳಿದವರು ಬರಲಿ ಅಂತ ಕಾದಿಟ್ಟಿದ್ದ.

ಮುಳ್ಳು ತಟ್ಟೆಗೆ ತಾಗಿತು. ಮೊದಲ ಮಗ್ಗುಲು ಮುಗಿಯುವ ಹೊತ್ತಿಗೆ ಮುಖ್ಯಾಧಿಕಾರಿಗಳ ಗಲ್ಲ ಎದೆಗೆ ತಾಗಿತು. ಎರಡನೇ ಮಗ್ಗುಲು. ವಾದ್ಯಗಳೆಲ್ಲ ನಿಂತವು. ಪೀಪಿ ಕಣ್ಣು ಮುಚ್ಚಿದ. ಇನ್ನೇನು ಕ್ಲಾರಿನೆಟ್ ಏಳಬೇಕು, ಅಷ್ಟರಲ್ಲಿ ಆ ನಿಶ್ಶಬ್ದದೊಳಗಿಂದ ಯಾರೋ ಕೆಮ್ಮಿದರು. ಚಿಕ್ಕವು ಎರಡು, ಆಮೇಲೆ ಒಂದು ತಡೆ, ಆಮೇಲೆ ಬಾವಿಯಿಂದ ಹಗ್ಗ ಎಳೆದ ಹಾಗೆ ಉದ್ದಕ್ಕೆ ಒಂದು.

ಮುಖ್ಯಾಧಿಕಾರಿ ಎಚ್ಚೆತ್ತರು. "ಯಾರದು?"

"ನಮ್ಮೋರು" ಅಂದಳು ಬಾಬಿನಜ್ಜಿ.

ಪೀಪಿಯ ಕ್ಲಾರಿನೆಟ್ ಆಗ ಎದ್ದಿತು, ಯಾರೂ ಕೇಳಲಿಲ್ಲ. ಅಜ್ಜಿ ಎದ್ದು ಗ್ರಾಮಫೋನಿನ ಹತ್ತಿರ ಹೋಗಿ ಕಿವಿಯಿಟ್ಟಳು. "ಹತ್ತಿ ಹಿಂಜೋ ಖಾತೆಯಲ್ಲಿದ್ರು. ಅವತ್ತು ಪಾಳಿ ಮುಗಿದ ಮೇಲೆ ಸಭಾಭವನದ ಬಾಗಿಲು ಹಿಡ್ಕೊಂಡು ನಿಲ್ಲು ಅಂತ ಕಳಿಸಿದ್ರು. ದೊಡ್ಡೋರು ಬಂದಾಗ ತೆಗೀಬೇಕು, ಹೋದಾಗ ಮುಚ್ಚಬೇಕು. ಒಳಗೆ ಕೂರೋ ಹಂಗಿಲ್ಲ. ಇದು ಅವರೇ."

"ಪೀಪಿಯವರೇ, ನೀವು ವೇದಿಕೆ ಮೇಲಿದ್ರಲ್ಲ. ಹೌದಾ?" ಅಂತ ಮುಖ್ಯಾಧಿಕಾರಿ ಕೇಳಿದರು.

ಪೀಪಿ ಅವತ್ತು ಕಣ್ಣು ಮುಚ್ಚಿಕೊಂಡಿದ್ದ. ತನ್ನ ಸರದಿ ತಪ್ಪಿಹೋದೀತು ಅಂತ ಮನಸ್ಸಿನಲ್ಲೇ ತಾಳ ಎಣಿಸುತ್ತಿದ್ದ. ಸಭಾಭವನಕ್ಕೆ ಬೆಂಕಿ ಬಿದ್ದಿದ್ದರೂ ಅವನಿಗೆ ತಿಳಿಯುತ್ತಿರಲಿಲ್ಲ. ಆದರೆ ಎದುರಿಗೆ ಅಳುವ ಅಜ್ಜಿ, ಪಕ್ಕದಲ್ಲಿ ಸರ್ಕಾರ.

"ಇದ್ದರೂ ಇರಬಹುದು" ಅಂದ.

ಸಂಜೆಯೊಳಗೆ ಊರಿಗೆ ಊರೇ ಮಳಿಗೆ ಸಾಲಿಗೆ ಬಂದಿತ್ತು. ಅಷ್ಟು ಜನರನ್ನು ಕಂಡು ಪೀಪಿ ಕೋಟು ಹಾಕಿಕೊಂಡ. ಕ್ಲಾರಿನೆಟ್ಟಿನ ಏರಿಳಿತಗಳ ಬಗ್ಗೆ ಒಂದು ಪೀಠಿಕೆ ಶುರುಮಾಡಿದ.

"ಅದೆಲ್ಲ ಇರಲಿ ಪೀಪಿ" ಅಂದ ತಕ್ಕಡಿಯವನು. "ಸೀದಾ ಕೆಮ್ಮಿಗೆ ಹಾಕು."

"ಮಧ್ಯದಿಂದ ಕೇಳೋ ಹಾಗಿಲ್ಲ. ಅದು ರಸಕ್ಕೆ ಮಾಡೋ ಅಪಚಾರ."

"ನಮಗೆ ರಸ ಬೇಡ, ಕಫ ಸಾಕು."

ಪೀಪಿ ಸೋತ. ಅವನ ಜನ್ಮದಲ್ಲಿ ಮೊದಲ ಸಲ ಜನ ಅವನ ರೆಕಾರ್ಡಿಗೆ "ಇನ್ನೊಂದ್ಸಲ" ಅಂದರು, ಅದು ಅವನಿಗಲ್ಲ. ಕೇಳಿದವರಿಗೆಲ್ಲ ಆ ಕೆಮ್ಮು ಗುರುತು ಸಿಕ್ಕತೊಡಗಿತು. ಕ್ಷೌರಿಕ ಅದು ತನ್ನ ಅಪ್ಪನದು ಅಂದ. ನಿವೃತ್ತ ಮೇಷ್ಟರು ತಮ್ಮ ದೊಡ್ಡಪ್ಪನದು ಅಂದರು. ಒಬ್ಬ ಹೆಂಗಸು ಅದು ತನ್ನ ಸೋದರಮಾವನದೇ, ಸಾಯುವ ಮುಂಚೆ ತನ್ನ ಮೇಲೆ ಸಿಟ್ಟಾಗಿದ್ದರು, ಕೆಮ್ಮಿನಲ್ಲೂ ಆ ಸಿಟ್ಟಿದೆ ಅಂದಳು. ಪೀಪಿ ಎಲ್ಲರಿಗೂ "ಇದ್ದರೂ ಇರಬಹುದು" ಅಂದ.

"ರೀ, ಒಂದು ಕೆಮ್ಮಿಗೆ ಎಷ್ಟು ಜನ ಯಜಮಾನರನ್ನ ಮಾಡ್ತೀರಿ?" ಅಂದಳು ಹೆಂಡತಿ.

"ಬಂದೋರ ಮನಸ್ಸು ನೋಯಿಸಬಾರದು ಕಣೇ. ಗಿರಾಕಿಗಳು."

"ಗಿರಾಕಿ ಅಂದ್ರೆ ಕೊಳ್ಳೋರು."

ಸುದ್ದಿ ಪುರಸಭೆಯ ಅಧ್ಯಕ್ಷರ ಕಿವಿ ಮುಟ್ಟಿತು. ಅಧ್ಯಕ್ಷರೆಂದರೆ ಗಿರಣಿ ಮಾಲೀಕರ ಮೊಮ್ಮಗ. ನಮ್ಮೂರಲ್ಲಿ ಚುನಾವಣೆ ನಡೆಯುತ್ತದೆ, ಮತ ಹಾಕುತ್ತೇವೆ, ಎಣಿಸುತ್ತಾರೆ, ಕಡೆಗೆ ಮಾಲೀಕರ ಮೊಮ್ಮಗ ಅಧ್ಯಕ್ಷನಾಗಿರುತ್ತಾನೆ. ಪ್ರಜಾಪ್ರಭುತ್ವದ ಈ ನಿಯಮಿತತೆಯನ್ನು ಹೊರಗಿನವರು ಬಂದು ಅಭ್ಯಾಸ ಮಾಡಬೇಕು. ಅಧ್ಯಕ್ಷರು ಬಂದು ಕೂತು ಕೇಳಿದರು. ಕಣ್ಣಿಗೆ ಕರವಸ್ತ್ರ ಒತ್ತಿಕೊಂಡರು.

"ತಾತನವರು."

ಬೆಂಚಿನ ತುದಿಯಿಂದ ಅಜ್ಜಿ, "ಇಲ್ಲ ಕಣಪ್ಪ, ಅದು ನಮ್ಮೋರು" ಅಂದಳು.

ಮುಖ್ಯಾಧಿಕಾರಿ ಮುಂದೆ ಬಂದರು. "ಅಜ್ಜೀ, ಸ್ವಲ್ಪ ಯೋಚನೆ ಮಾಡಿ. ಎಷ್ಟು ಸ್ಪಷ್ಟವಾಗಿದೆ ಕೆಮ್ಮು. ಇದು ಮುಂದಿನ ಸಾಲಿನ ಕೆಮ್ಮು. ಬಾಗಿಲ ಹತ್ತಿರ ನಿಂತೋರ ಕೆಮ್ಮು ಇಷ್ಟು ದೂರ ಬರುತ್ತಾ?"

"ನಮ್ಮೋರ ಕೆಮ್ಮು ನಮ್ಮ ಬೀದಿಯಿಂದ ನಿಮ್ಮ ಕಚೇರಿ ತನಕ ಕೇಳ್ತಿತ್ತು. ನೀವು ಕಿವಿ ಕೊಡ್ತಿರಲಿಲ್ಲ ಅಷ್ಟೇ."

ಅಧ್ಯಕ್ಷರು ಪೀಪಿಯ ಭುಜದ ಮೇಲೆ ಕೈಯಿಟ್ಟರು. "ನೀವು ಕಣ್ಣಾರೆ ಕಂಡೋರು. ತಾತನವರದೇ ಅಲ್ವಾ?"

ಮಹನೀಯರ ಕೈ ತನ್ನ ಭುಜದ ಮೇಲಿದೆ ಅನ್ನುವ ಪುಳಕದಲ್ಲಿ ಪೀಪಿಗೆ ಅಜ್ಜಿಯ ಎದುರು ಆಡಿದ ಮಾತು ಮರೆತೇಹೋಯಿತು. "ಇದ್ದರೂ ಇರಬಹುದು" ಅಂದ.

ತೀರ್ಮಾನವಾಯಿತು. ಅಂಗಡಿಯನ್ನು ಕೆಡವುವುದಿಲ್ಲ. ಬಾಗಿಲ ಪಕ್ಕದಲ್ಲಿ ಅಮೃತಶಿಲೆಯ ಫಲಕ: "ನಗರದ ನಿರ್ಮಾತೃಗಳ ಅಮರ ಧ್ವನಿ ಇಲ್ಲಿ ನೆಲೆಸಿದೆ." ಭಾವಮೈದ ಪೀಪಿಯ ಕೈ ಹಿಡಿದು ಕುಣಿಯುವುದೊಂದು ಬಾಕಿ. ಅಜ್ಜಿ ಎದ್ದು ಹೋದಳು, ನಾಲ್ಕಾರು ದಿನ ಬೆಂಚಿಗೆ ಬರಲಿಲ್ಲ. ಹೆಂಡತಿ ಗಂಡನ ಜೊತೆ ಮಾತು ಬಿಟ್ಟಳು. ಪೀಪಿ ಬೆಂಚಿನ ಖಾಲಿ ತುದಿಯನ್ನು ನೋಡುವನು, ಮೇಲಿನ ಛಾವಣಿಯನ್ನು ನೋಡುವನು, ಬಟ್ಟೆ ತಗೊಂಡು ಒರೆಸಿದ್ದನ್ನೇ ಒರೆಸುವನು.

ಫಲಕ ತೆರೆಯುವ ದಿನ ರಸ್ತೆಯ ಉದ್ದಕ್ಕೂ ಧ್ವನಿವರ್ಧಕ ಕಟ್ಟಿದರು. ಅಜ್ಜಿ ಬಂದಳು. ಒಬ್ಬಳೇ ಬರಲಿಲ್ಲ. ಗಿರಣಿಯ ಹಳೇ ಕೆಲಸಗಾರರು ಕೋಲೂರಿಕೊಂಡು, ಒಬ್ಬರನ್ನೊಬ್ಬರು ಹಿಡಿದುಕೊಂಡು ಹಿಂದೆ ಬಂದರು. ಅವರ ಸಂಘ ಗಿರಣಿಯ ಮೇಲೆ ಹಾಕಿದ ಒಂದು ಕೇಸು ಕೋರ್ಟಿನಲ್ಲಿ ನಡೆಯುತ್ತಲೇ ಇತ್ತು. ಹತ್ತಿಯ ಧೂಳು ನಮ್ಮ ಎದೆ ತಿಂದಿದೆ ಅಂತ ಇವರು. ಗಿರಣಿಯಲ್ಲಿ ಧೂಳೇ ಇರಲಿಲ್ಲ, ಆ ಧೂಳಿನ ಕೆಮ್ಮು ಅನ್ನುವುದೊಂದು ಲೋಕದಲ್ಲೇ ಇಲ್ಲ, ಅವರೆಲ್ಲ ಬೀಡಿ ಸೇದಿದವರು ಅಂತ ಗಿರಣಿ. ಗಿರಣಿಯ ವಕೀಲರು ಅಧ್ಯಕ್ಷರ ಸ್ವಂತ ಚಿಕ್ಕಪ್ಪ. ಅವರೂ ವೇದಿಕೆಯ ಮೇಲಿದ್ದರು.

ಅಧ್ಯಕ್ಷರು ಭಾಷಣ ಮಾಡಿದರು, ಪರದೆ ಸರಿಸಿದರು. "ಈಗ ತಾತನವರ ಧ್ವನಿ" ಅಂದರು. ಪೀಪಿ ಮುಳ್ಳು ಇಳಿಸಿದ.

ಚಿಕ್ಕವು ಎರಡು. ತಡೆ. ಉದ್ದಕ್ಕೆ ಒಂದು.

ಕ್ಲಾರಿನೆಟ್ ಏಳುವ ಮೊದಲೇ ಮುಖ್ಯಾಧಿಕಾರಿ ಮುಳ್ಳು ಎತ್ತಿಸಿದರು, ಧ್ವನಿವರ್ಧಕ ಸುಮ್ಮನಾಯಿತು. ಆಗ ಗುಂಪಿನ ಹಿಂದೆ ಒಬ್ಬ ಮುದುಕ ಕೆಮ್ಮಿದ. ಚಿಕ್ಕವು ಎರಡು, ತಡೆ, ಉದ್ದಕ್ಕೆ ಒಂದು. ಅವನ ಪಕ್ಕದವನಿಗೆ ಬಂತು. ಆಚೆ ಬದಿಯವನಿಗೆ ಬಂತು. ತಡೆದುಕೊಳ್ಳಲು ಹೋದವರಿಗೆ ಇನ್ನೂ ಜೋರಾಗಿ ಬಂತು. ಬೀದಿಯ ಆ ಕೊನೆಯಿಂದ ಈ ಕೊನೆಗೆ ಹಿಂಜುವ ಖಾತೆ ಪೂರ್ತಿ, ಮೂರೂ ಪಾಳಿ, ಒಂದೇ ಲೆಕ್ಕದಲ್ಲಿ ಕೆಮ್ಮಿತು. ಪೀಪಿಯ ವಾದ್ಯವೃಂದ ಅಷ್ಟು ಶ್ರುತಿಶುದ್ಧವಾಗಿ ಯಾವತ್ತೂ ನುಡಿಸಿರಲಿಲ್ಲ.

ಎಲ್ಲ ನಿಂತ ಮೇಲೆ ಅಜ್ಜಿ ಮುಂದೆ ಬಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು.

"ನಿಮ್ಮ ತಾತನಿಗೂ ನಮ್ಮ ಖಾತೆ ಕೆಮ್ಮೇ ಬಂದಿತ್ತಾ? ಪಾಪ. ಯಾವ ಪಾಳಿಯಲ್ಲಿದ್ರಪ್ಪಾ ಅವರು?"

ಅಧ್ಯಕ್ಷರು ನಗಲು ಹೊರಟರು. ಸಂಘದ ಹಿರಿಯ ಕೋಲೆತ್ತಿದ. "ನಗಬೇಡಿ ಸ್ವಾಮಿ. ಕಲ್ಲಿನ ಮೇಲೆ ಬರೆಸಿದೀರಿ. ಮಾಲೀಕರಿಗೇ ಧೂಳಿನ ಕೆಮ್ಮಿತ್ತು ಅಂತ ಪುರಸಭೆ ಕೆತ್ತಿಸಿಕೊಟ್ಟಿದೆ. ನಾವು ಕಲ್ಲು ಹೊತ್ಕೊಂಡು ಕೋರ್ಟಿಗೆ ಹೋಗ್ತೀವಿ."

ವಕೀಲ ಚಿಕ್ಕಪ್ಪ ಅಧ್ಯಕ್ಷರ ಕಿವಿಯಲ್ಲಿ ಏನೋ ಉಸುರಿದರು. ಅಧ್ಯಕ್ಷರ ಮುಖದ ಬಣ್ಣ ಇಳಿಯಿತು.

"ಇನ್ನೊಂದ್ಸಲ ಯೋಚಿಸಿದರೆ, ಇದು ತಾತನವರ ಕೆಮ್ಮಲ್ಲ."

"ನಾನೂ ಅದನ್ನೇ ಹೇಳಿದ್ದು" ಅಂದಳು ಅಜ್ಜಿ. "ನಮ್ಮೋರದು. ಹೇಗೂ ಕಲ್ಲು ಬಂದಿದೆ, ಅವರ ಹೆಸರು ಕೆತ್ತಿಸಿಬಿಡಿ."

ಚಿಕ್ಕಪ್ಪ ಮತ್ತೆ ಉಸುರಿದರು. ಕೂಲಿಯವನ ಕೆಮ್ಮು ಕಲ್ಲಿನ ಮೇಲೆ ಬಂದರೂ ಅದು ಧೂಳಿನ ಕೆಮ್ಮೇ. ಅಧ್ಯಕ್ಷರು ಗಂಟಲು ಸರಿಪಡಿಸಿಕೊಳ್ಳಲು ಹೋಗಿ, ಹೆದರಿ, ಬಿಟ್ಟುಬಿಟ್ಟರು.

"ಇದು ಕೆಮ್ಮೇ ಅಲ್ಲ. ರೆಕಾರ್ಡಿನ ಮೇಲಿರೋ ಗೀರು."

"ನನಗೂ ಮೊದಲಿಂದ ಗೀರು ಅಂತಲೇ ಅನ್ನಿಸಿತ್ತು" ಅಂದರು ಮುಖ್ಯಾಧಿಕಾರಿ.

ಬೀದಿ ಗುಜುಗುಜು ಅಂದಿತು. ಅಧ್ಯಕ್ಷರು ಪೀಪಿಯನ್ನು ಪಕ್ಕಕ್ಕೆಳೆದರು. ಧ್ವನಿವರ್ಧಕದ ಮೈಕು ಪಕ್ಕದಲ್ಲೇ ಇದೆ ಅನ್ನುವುದು ಅವರಿಗೆ ನೆನಪಿರಲಿಲ್ಲ, ಹಾಗಾಗಿ ನಮಗೆಲ್ಲ ಕೇಳಿಸಿತು. "ಪೀಪಿಯವರೇ, ಅಂಗಡಿ ಉಳಿಯುತ್ತೆ. ಫಲಕದ ಮೇಲೆ ನಿಮ್ಮ ಹೆಸರೇ ಬರಲಿ, ಕ್ಲಾರಿನೆಟ್ ವಿದ್ವಾಂಸರು, ಊರಿನ ಹೆಮ್ಮೆ ಅಂತ. ಮತ್ತಿತರರು ಅಲ್ಲ, ಪೂರ್ತಿ ಹೆಸರು. ನೀವು ಒಂದೇ ಒಂದು ಮಾತು ಹೇಳಿ. ಗೀರು ಅಂತ."

ಇಡೀ ಬೀದಿ ಪೀಪಿಯ ಬಾಯಿ ನೋಡಿತು. ಭಾವಮೈದ ಕೈಸನ್ನೆ ಮಾಡಿದ. ಅಜ್ಜಿ ನೆಲ ನೋಡಿದಳು. ಅವನ ಬಾಯಿಂದ ಏನು ಬರುತ್ತದೆ ಅಂತ ನಮಗೆಲ್ಲ ಗೊತ್ತಿತ್ತು. "ಇದ್ದರೂ" ಅಂತ ಶುರುವೂ ಮಾಡಿದ.

ಅಲ್ಲಿಗೆ ನಿಂತ. ಹುಬ್ಬು ಗಂಟಾಯಿತು.

"ಏನಂದ್ರಿ? ಗೀರಾ?"

ಅವನು ಒಳಗೆ ಹೋಗಿ ರೆಕಾರ್ಡು ತಂದ. ಅಂಚು ಹಿಡಿದು ಬಿಸಿಲಿಗೆ ಓರೆಯಾಗಿ ಎತ್ತಿ ಅಧ್ಯಕ್ಷರ ಮೂಗಿನ ಮುಂದಿಟ್ಟ. "ಎಲ್ಲಿದೆ ತೋರಿಸಿ. ಎಲ್ಲಿದೆ ಗೀರು?"

"ಅಲ್ಲ, ಮಾತಿಗೆ..."

"ಗೀರಾದರೆ ತಟ್ಟೆ ಒಂದು ಸುತ್ತು ಸುತ್ತಿದಾಗೆಲ್ಲ ಟಕ್ ಟಕ್ ಅನ್ನಬೇಕು. ಇದು ಎಷ್ಟು ಸುತ್ತಿಗೂ ಒಂದೇ ಸಲ ಕೆಮ್ಮುತ್ತೆ. ಗೀರು ಹಾಗೆ ಕೆಮ್ಮಲ್ಲ, ಮನುಷ್ಯ ಹಾಗೆ ಕೆಮ್ತಾನೆ. ಇಷ್ಟು ವರ್ಷ ಇದನ್ನ ನನ್ನ ಕೈಯಾರೆ ಒರೆಸಿದೀನಿ. ನನ್ನ ಅಂಗಡಿ ರೆಕಾರ್ಡಿಗೆ ಗೀರು ಅನ್ನೋರು ಅಂಗಡಿಯಿಂದ ಕೆಳಗಿಳೀರಿ. ಕಲ್ಲೂ ತಗೊಂಡು ಹೋಗಿ."

ಹಳೇ ಕೆಲಸಗಾರರು ಚಪ್ಪಾಳೆ ತಟ್ಟಿದರು. ಯಾರೋ ಪೀಪಿಗೆ ಜಯವಾಗಲಿ ಅಂದರು. ಸಂಘದ ಹಿರಿಯ ಅವನನ್ನು ತಬ್ಬಿಕೊಂಡು, ಇಂಥ ಎದೆಗಾರಿಕೆ ಈ ಊರಲ್ಲಿ ಕಂಡಿರಲಿಲ್ಲ ಅಂದ. ಪೀಪಿ ರೆಕಾರ್ಡಿಗೆ ಬೆರಳು ತಾಗೀತು ಅಂತ ಅದನ್ನು ತಲೆಯ ಮೇಲೆತ್ತಿ ಹಿಡಿದುಕೊಂಡಿದ್ದ. ದೂರದಿಂದ ಅದು ಬಾವುಟ ಹಿಡಿದ ಹಾಗೇ ಕಾಣುತ್ತಿತ್ತು.

"ನಿಮ್ಮ ಭಾವ ಸತ್ಯಕ್ಕೆ ನಿಂತಿದ್ದಲ್ಲ ಕಣೋ" ಅಂದಳು ಹೆಂಡತಿ ತಮ್ಮನಿಗೆ. "ಒರೆಸೋ ಬಟ್ಟೆ ಮರ್ಯಾದೆಗೆ ನಿಂತಿದ್ದು." ಆದರೆ ಅಷ್ಟು ದಿನದ ಮೇಲೆ ಅವಳ ಮುಖದಲ್ಲಿ ನಗುವಿತ್ತು.

ವೀರರು ಹೆಚ್ಚಾಗಿ ಹೀಗೇ ಹುಟ್ಟುತ್ತಾರೋ ಏನೋ. ಊರಿನ ನ್ಯಾಯ ಅನ್ಯಾಯ ಅವರ ತಲೆಗೆ ಹತ್ತಿರುವುದಿಲ್ಲ. ದೊಡ್ಡವರು ಬಂದು ಅವರು ದಿನಾ ಮಾಡುವ ಕೆಲಸವನ್ನೇ ಸುಳ್ಳು ಅನ್ನುತ್ತಾರೆ, ಆಗ ಎದ್ದು ನಿಲ್ಲುತ್ತಾರೆ. ನಮ್ಮೂರ ದೊಡ್ಡವರಿಗೆ ಅಷ್ಟೂ ತಿಳಿಯದೆ ಹೋದದ್ದು ನಮ್ಮ ಪುಣ್ಯ.

ಆ ವಾರವೇ ಪುರಸಭೆಯ ಬಂಡಿ ಬಂತು. ತಕ್ಕಡಿಯವನ ಅಂಗಡಿಗಿಂತ, ಸೈಕಲ್ ಅಂಗಡಿಗಿಂತ ಮೊದಲು ಪೀಪಿಯ ಬೋರ್ಡು ಕೆಳಗಿಳಿಯಿತು. ಪೆಟ್ಟಿಗೆಗಳನ್ನು ಬಂಡಿಯವರು ಮುಟ್ಟಲಿಲ್ಲ. ಹಳೇ ಕೆಲಸಗಾರರು ಸಾಲಾಗಿ ನಿಂತು, ಉಬ್ಬಸಪಡುತ್ತ, ಕೈಯಿಂದ ಕೈಗೆ ದಾಟಿಸಿ ಬಾಬಿನಜ್ಜಿಯ ಮನೆಯ ಮುಂದಿನ ಕೋಣೆಗೆ ಸಾಗಿಸಿದರು. ಪೀಪಿ ಪಕ್ಕದಲ್ಲೇ ಓಡಾಡುತ್ತ "ಅಂಚು, ಅಂಚು" ಅನ್ನುತ್ತಿದ್ದ. ಬೆಂಚು ಒಳಗೆ ಹಿಡಿಯಲಿಲ್ಲ, ಜಗಲಿಯಲ್ಲಿ ಉಳಿಯಿತು. ಹೊಲಿಗೆ ಯಂತ್ರ ಕಿಟಕಿಯ ಹತ್ತಿರ ಕೂತಿತು.

ಅಂಗಡಿ ಅಲ್ಲಿ ತೆರೆದ ಬೆಳಗ್ಗೆಯೇ ಇಸ್ತ್ರಿ ಅಂಗಿಯ ಒಬ್ಬ ಗೃಹಸ್ಥ ಬಂದ. ಆ ಎರಡನೇ ಮಗ್ಗುಲಿನ ರೆಕಾರ್ಡು ಬೇಕು, ಬೆಲೆ ಎಷ್ಟಾದರೂ ಆಗಲಿ ಅಂದ. ಪೀಪಿಗೆ ನಂಬಿಕೆಯೇ ಬರಲಿಲ್ಲ. ಅವನ ಮೊದಲ ಗಿರಾಕಿ. ರೆಕಾರ್ಡನ್ನು ಕಾಗದದಲ್ಲಿ ಸುತ್ತತೊಡಗಿದ. ಹೆಂಡತಿ "ರೀ" ಅಂದಳು, ಕೇಳಿಸಲಿಲ್ಲ. ಆ ಗೃಹಸ್ಥ ಅಧ್ಯಕ್ಷರ ಮನೆಯವನೆಂದು ಬೀದಿಯ ನಾಯಿಗೂ ಗೊತ್ತಿತ್ತು, ಪೀಪಿಗೆ ಗೊತ್ತಿರಲಿಲ್ಲ.

"ಮನೆಯಲ್ಲಿ ಯಂತ್ರದ ಮುಳ್ಳು ಹೊಸದಾ ಹಳೇದಾ?" ಅಂತ ದಾರ ಕಟ್ಟುತ್ತ ಕೇಳಿದ. "ಹಳೇ ಮುಳ್ಳಾದರೆ ತಟ್ಟೆ ಹಾಳಾಗುತ್ತೆ."

"ಯಂತ್ರ ಇಲ್ಲ."

"ಮತ್ತೆ ಹೇಗೆ ಕೇಳ್ತೀರಿ?"

"ಕೇಳೋದಕ್ಕಲ್ಲ ತಗೊಳ್ತಿರೋದು."

ಪೀಪಿ ದಾರ ಬಿಚ್ಚಿದ. ಕಾಗದ ಬಿಚ್ಚಿದ. ಅದನ್ನು ಮಡಿಸಿ, ಕೆಳಗಿಟ್ಟು, "ನಾವು ಕೇಳೋರಿಗೆ ಮಾತ್ರ ಕೊಡೋದು" ಅಂದ. ಗೃಹಸ್ಥ ಬೆಲೆ ಏರಿಸಿದ, ಬೆದರಿಸಿದ, ಬೆಂಚು ಎಡವಿ ಹೋದ.

ಅಜ್ಜಿ ಒಳಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. ಬಂದು ಗ್ರಾಮಫೋನಿನ ಪಕ್ಕ ಕೂತಳು. "ಹೊರಗೆ ತೆಗೆದಿದೀಯಲ್ಲ, ಹಾಕಪ್ಪ ಒಂದ್ಸಲ."

ಪೀಪಿ ಹಾಕಿದ. ವಾದ್ಯಗಳು ನಿಂತವು. ಚಿಕ್ಕವು ಎರಡು, ತಡೆ, ಉದ್ದಕ್ಕೆ ಒಂದು. ಅಜ್ಜಿ ತಲೆ ವಾಲಿಸಿ ಕೇಳಿದಳು.

"ಇವತ್ತು ಪರವಾಗಿಲ್ಲ" ಅಂದಳು. "ಮೊನ್ನೆಗಿಂತ ಸ್ವಲ್ಪ ಕಡಿಮೆಯಾಗಿದೆ."

ಪೀಪಿ ಬಾಯಿ ತೆರೆದ. ರೆಕಾರ್ಡು ಅಂದರೆ ಮೊನ್ನೆ ಇದ್ದ ಹಾಗೇ ಇವತ್ತೂ ಇರುತ್ತದೆ, ಅದರಲ್ಲಿ ಹೆಚ್ಚು ಕಡಿಮೆ ಆಗುವಂತಿಲ್ಲ ಅಂತ ವಿವರಿಸಬೇಕೆಂದಿದ್ದ. ಕಿಟಕಿಯ ಹತ್ತಿರ ಹೊಲಿಗೆ ಯಂತ್ರ ನಿಂತಿತು. ಹೆಂಡತಿ ಅವನನ್ನೇ ನೋಡುತ್ತಿದ್ದಳು.

"ಹೌದಜ್ಜಿ" ಅಂದ ಪೀಪಿ. "ನನಗೂ ಕಡಿಮೆ ಅನ್ನಿಸ್ತು."